‘ಅಣಬೆ ಕುಟ್ಟೆ’ ಅನ್ನಬಹುದಾ? ಹುಳುವಿನ ಮೀಸೆಗೆ ಗೆಣ್ಣೋ, ತುಂಡೋ?

ಯುರೋಪಿನ ಕಾಡುಗಳಲ್ಲಿ ಸತ್ತ ಮರದ ಮೇಲೆ ಬಣ್ಣದ ಪಟ್ಟೆಗಳಿರುವ ಗಟ್ಟಿ ಅಣಬೆಯೊಂದು ಬೆಳೆಯುತ್ತದೆ. ಟ್ರಾಮೆಟಿಸ್ ವರ್ಸಿಕಲರ್ ಅಂತ. ಅದನ್ನು ಮುರಿದರೆ ಎಷ್ಟೋ ಸಲ ಒಳಗೆಲ್ಲ ಸುರಂಗ, ಪುಡಿ. ಜೊತೆಗೆ ಸುಮಾರು 3 ಮಿ.ಮೀ. ಉದ್ದದ ಕಂದು ಹುಳುಗಳು. ಹೆಸರು ಸಿಸ್ ಬೊಲೆಟಿ. ಈ ಸಿಸ್ ಕುಲದ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬರಹ ನಿಂತುಬಿಟ್ಟಿದೆ.

ಮೊದಲನೆಯದು ಹೆಸರು. ಇಂಗ್ಲಿಷಿನಲ್ಲಿ ಇದು ಬೀಟಲ್. ಕನ್ನಡದಲ್ಲಿ ಬೀಟಲ್‌ಗೆ ಜೀರುಂಡೆ ಅಂತಲೋ ದುಂಬಿ ಅಂತಲೋ ಬರೆಯುತ್ತಾರೆ. ಜೀರುಂಡೆ ಅಂದರೆ ಮಲೆನಾಡಿನ ಮಕ್ಕಳಿಗೆ ಸಂಜೆ ಮರದಲ್ಲಿ ಕೂತು ಜೀರ್ ಎನ್ನುವ ಹುಳು ನೆನಪಾಗುತ್ತದೆ. ದುಂಬಿ ಅಂದರೆ ಹೂವು, ಜೇನು. ನನ್ನ ಹುಳುವಿಗೆ ಎರಡೂ ಹೊಂದುವುದಿಲ್ಲ.

1763ರಲ್ಲಿ ಸ್ಕೊಪೋಲಿ ಎಂಬ ವಿಜ್ಞಾನಿ ಸಿಸ್ ಬೊಲೆಟಿಯನ್ನು ಡರ್ಮೆಸ್ಟಿಸ್ ಕುಲಕ್ಕೆ ಸೇರಿಸಿದ್ದರು. ಹಾಗೆಂದರೆ ಚರ್ಮ ತಿನ್ನುವ ಹುಳು. 1796ರಲ್ಲಿ ಫ್ರಾನ್ಸಿನ ಲಾಟ್ರೆಯ್ ಸಿಸ್ ಎಂಬ ಹೊಸ ಕುಲ ಮಾಡಿದರು. ಅದರ ಮೂಲ ಗ್ರೀಕ್. ಮರ ಕೊರೆಯುವ ಹುಳುವಿಗೂ ಕಾಳು ಕೊರೆಯುವ ಹುಳುವಿಗೂ ಗ್ರೀಕರಲ್ಲಿ ಅದೊಂದೇ ಪದ. ನಮ್ಮ ಕುಟ್ಟೆಯೂ ಹಾಗೇ ಅಲ್ವಾ! ತೊಲೆಗೂ ಕುಟ್ಟೆ ಹಿಡಿಯುತ್ತದೆ, ಡಬ್ಬಿಯ ಕಾಳಿಗೂ ಹಿಡಿಯುತ್ತದೆ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಯಿತು. ‘ಅಣಬೆ ಕುಟ್ಟೆ’ ಅಂದರೆ ಮಗುವಿಗೆ ಆ ಪುಡಿ ಕೂಡ ಕಣ್ಣಿಗೆ ಕಟ್ಟುತ್ತದೆ. ಮರದ ಕುಟ್ಟೆಗಳು ಬೇರೆ ಕುಟುಂಬದವು, ಗೊಂದಲವಾಗುತ್ತದೆ ಎನ್ನುವವರು ಇರಬಹುದು. ಆದರೆ ಜನರ ಪದ ಹುಳುವಿನ ಕೆಲಸ ನೋಡಿ ಹುಟ್ಟಿದ್ದು, ಕುಟುಂಬ ನೋಡಿ ಅಲ್ಲ.

ಎರಡನೆಯದೇ ಹೆಚ್ಚು ಕಾಡುತ್ತಿದೆ, ಮೀಸೆಯ ಒಂದೊಂದು ಭಾಗಕ್ಕೆ ಏನನ್ನಬೇಕು ಅಂತ. ಉರುಳೆಯಂಥ ಮೈ, ಕಾಲಿನ ತುದಿ, ಕೆಲವು ಗಂಡುಗಳ ತಲೆಯ ಪುಟ್ಟ ಕೊಂಬು, ಇವನ್ನೆಲ್ಲ ಸುಲಭವಾಗಿ ಬರೆದೆ. ಮೀಸೆ ಬಂದಾಗ ತಡವರಿಸಿದೆ. ಈ ಗುಂಪನ್ನು ವಿಂಗಡಿಸುವಾಗ ಮೀಸೆಯ ಭಾಗಗಳನ್ನು ಎಣಿಸುತ್ತಾರೆ. ಸಿಸ್ ಬೊಲೆಟಿಗೆ 10. ಕೊನೆಯ ಮೂರು ದಪ್ಪಗಿದ್ದು ಗದೆಯಂತೆ ಕಾಣುತ್ತವೆ. ಅದರ ನೆಂಟ ಎನ್ನಿಯಾರ್ಥ್ರಾನ್‌ಗೆ 9, ಆಕ್ಟೊಟೆಮ್ನಸ್‌ಗೆ 8. ಸಿಸ್ ಕುಲದ ಒಳಗೇ 9 ಇರುವ ಹುಳುಗಳೂ ಇವೆ. ಹಾಗಾಗಿ ಎಣಿಕೆಯೊಂದನ್ನೇ ನಂಬಿದರೆ ಆಗದು, ಎದೆಯ ಅಡಿಭಾಗ, ಮುಂಗಾಲಿನ ತುದಿ ಕೂಡ ನೋಡಬೇಕು.

ಎನ್ನಿಯಾರ್ಥ್ರಾನ್, ಆಕ್ಟೊಟೆಮ್ನಸ್ ಎಂಬ ಎರಡೂ ಹೆಸರು ಕೊಟ್ಟವರು ಮೆಲ್ಲಿಯೆ ಎಂಬ ಕೀಟತಜ್ಞ, 1847ರಲ್ಲಿ. ಗ್ರೀಕಿನಲ್ಲಿ ಎನ್ನಿಯಾ ಅಂದರೆ ಒಂಬತ್ತು, ಆರ್ಥ್ರಾನ್ ಅಂದರೆ ಕೀಲು, ಗೆಣ್ಣು. ಆಕ್ಟೊ ಅಂದರೆ ಎಂಟು, ಟೆಮ್ನೊ ಅಂದರೆ ಕತ್ತರಿಸು. ಅಂದರೆ ಒಂದು ಹುಳು ಒಂಬತ್ತು ಗೆಣ್ಣಿನದು, ಇನ್ನೊಂದು ಎಂಟು ತುಂಡಿನದು. ನಾನು ಯಾವುದನ್ನು ಆರಿಸಲಿ ಎಂದು ಕೂತಿದ್ದೆನೋ ಆ ಎರಡನ್ನೂ ಅವರು ಬಳಸಿಬಿಟ್ಟಿದ್ದಾರೆ!

ಪಠ್ಯಪುಸ್ತಕದ ‘ಖಂಡ’ ನನಗೆ ಬೇಡ. ತುಂಡು ಅಂದರೆ ಮೀಸೆ ಮುರಿದಿದೆ ಅನ್ನಿಸುತ್ತದೆ. ಗೆಣ್ಣು ಚೆನ್ನಾಗಿದೆ, ಬೆರಳಿಗೂ ಕಬ್ಬಿಗೂ ಇರುವ ಪದ. ತೊಡಕು ಇಷ್ಟೇ. ಗೆಣ್ಣು ಎಂದರೆ ಎರಡು ಭಾಗ ಕೂಡುವ ಜಾಗ. ಎಣಿಸಬೇಕಾದ್ದು ಕೂಡುವ ಜಾಗವನ್ನಲ್ಲ, ನಡುವಿನ ಭಾಗವನ್ನು. ಸುಮ್ನೆ ಗೆಣ್ಣು ಅಂತ ಬರೆದರೆ ಲೆಕ್ಕದಲ್ಲಿ ಒಂದು ತಪ್ಪುತ್ತದೆ.

ಕಬ್ಬು ಬೆಳೆಯುವ ಕಡೆಯವರು ದಯವಿಟ್ಟು ಹೇಳಿ. ಎರಡು ಗೆಣ್ಣಿನ ನಡುವಿನ ಭಾಗಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ?