ಉರಿಯೂತ ಮತ್ತು ಹಾರ್ಟ್ ಅಟ್ಯಾಕ್ ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳಬಹುದಾ? ಹಾಸನದಿಂದ ಒಂದು ಪ್ರಶ್ನೆ

ಹೇಮಾವತಿ_ದಂಡೆ:
ಹಾಸನದಲ್ಲಿ ಎಂಬಿಬಿಎಸ್ ಮುಗಿಸಿ ಈಗ ಹೌಸ್ ಸರ್ಜನ್ ಆಗಿದ್ದೇನೆ. ನೀಟ್ ಪಿಜಿಗೆ ಓದುತ್ತಿದ್ದೇನೆ. ಮನೆಯಲ್ಲಿ ಎಲ್ಲರಿಗೂ ಒಂದೇ ಆಸೆ, ನಾನು ಕಾರ್ಡಿಯಾಲಜಿಸ್ಟ್ ಆಗಬೇಕು, ಸ್ಟೆಂಟ್ ಹಾಕಬೇಕು.

2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಏನಾಯಿತು ಅಂತ ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಅಂತ ಟಿವಿಯಲ್ಲಿ ದಿನಾ ಲೆಕ್ಕ. ಏನೂ ತೊಂದರೆ ಇಲ್ಲದವರೂ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ನೋಡಿ, ಸಾವುಗಳು ಹಿಂದಿಗಿಂತ ಹೆಚ್ಚಾಗಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ವರದಿ ಕೊಟ್ಟಿತು. ಆದರೂ ಜನ ಕೇಳುವ ಒಂದು ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ: "ಕೊಲೆಸ್ಟ್ರಾಲ್ ನಾರ್ಮಲ್ ಇತ್ತಲ್ಲ ಮೇಡಂ, ಮತ್ತೆ ಹೆಂಗಾಯ್ತು?"

ಇದನ್ನು ಹುಡುಕುತ್ತಾ ಹೋಗಿ ಬೋಸ್ಟನ್ನಿನ ಹೃದ್ರೋಗ ಸಂಶೋಧಕ ಪಾಲ್ ರಿಡ್ಕರ್ ಅವರ ಕೆಲಸ ಓದಿದೆ. ಕೊಲೆಸ್ಟ್ರಾಲ್ ಒಂದೇ ಅಲ್ಲ, ಉರಿಯೂತವೂ (ಇನ್‌ಫ್ಲಮೇಶನ್) ಅಟ್ಯಾಕ್‌ಗೆ ಕಾರಣವಾ ಅನ್ನುವುದು ಅವರ ಪ್ರಶ್ನೆ. ಹೆಚ್ಚುಕಡಿಮೆ ಮೂವತ್ತು ವರ್ಷ ಇದೇ ಪ್ರಶ್ನೆ ಹಿಡಿದು ಕೂತಿದ್ದಾರೆ. ನಮ್ಮ ಕಡೆಯಿಂದ ಹೋದವರಿಗೆ ಅಂಥ ದಾರಿ ಇದೆಯಾ? ಅಥವಾ ನಾನು ಸುಮ್ನೆ ಕನಸು ಕಾಣುತ್ತಿದ್ದೇನಾ?

ಸಕಲೇಶಪುರ_ಲೋಕಲ್:
ಬೆಂಗಳೂರಿನಲ್ಲಿ ಎಪಿಡೆಮಿಯಾಲಜಿ (ಜನರಲ್ಲಿ ರೋಗ ಯಾರಿಗೆ, ಯಾಕೆ ಬರುತ್ತದೆ ಅಂತ ಲೆಕ್ಕ ಹಾಕಿ ನೋಡುವ ಶಾಸ್ತ್ರ) ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ರಿಡ್ಕರ್ ಕಥೆಯಲ್ಲಿ ಎಲ್ಲರೂ ಮರೆಯುವುದು ಫ್ರೀಜರ್‌ನಲ್ಲಿದ್ದ ರಕ್ತವನ್ನು. 1980ರ ದಶಕದ ಮೊದಲಲ್ಲೇ ಅಮೆರಿಕದಲ್ಲಿ 22,071 ಗಂಡಸು ಡಾಕ್ಟರುಗಳ ಮೇಲೆ ಆಸ್ಪಿರಿನ್ ಪ್ರಯೋಗ ಶುರುವಾಗಿತ್ತು. ಅವರಲ್ಲಿ ಬಹಳಷ್ಟು ಜನರ ರಕ್ತವನ್ನು ಯಾರೋ ಪುಣ್ಯಾತ್ಮರು ತೆಗೆದು ಇಟ್ಟಿದ್ದರು. ವರ್ಷಗಳಾದ ಮೇಲೆ ರಿಡ್ಕರ್ ತಂಡ ಅದರಲ್ಲಿ ಮುಂದೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ರಕ್ತನಾಳದಲ್ಲಿ ಹೆಪ್ಪು ಆದ 543 ಜನರನ್ನೂ, ಏನೂ ಆಗದ 543 ಜನರನ್ನೂ ಆರಿಸಿ, ಆರೋಗ್ಯವಾಗಿದ್ದಾಗಿನ ಅವರ ರಕ್ತದಲ್ಲಿ ಸಿಆರ್‌ಪಿ (ಉರಿಯೂತ ಇದ್ದಾಗ ಏರುವ ಒಂದು ಪ್ರೋಟೀನ್) ಎಷ್ಟಿತ್ತು ಅಂತ ಅಳೆಯಿತು. ಸಿಆರ್‌ಪಿ ಜಾಸ್ತಿ ಇದ್ದ ಕಾಲು ಭಾಗದವರಿಗೆ, ಕಡಿಮೆ ಇದ್ದ ಕಾಲು ಭಾಗದವರಿಗಿಂತ ಹಾರ್ಟ್ ಅಟ್ಯಾಕ್ ಅಪಾಯ ಸುಮಾರು ಮೂರು ಪಟ್ಟು. ಇದು 1997ರ ಪೇಪರ್. ಆಸ್ಪಿರಿನ್‌ನಿಂದ ಜಾಸ್ತಿ ಲಾಭ ಆಗಿದ್ದೂ ಆ ಗುಂಪಿಗೇ.

ಅಪಾಯ ಹೇಳುವುದು ಬೇರೆ, ಅದನ್ನು ತಗ್ಗಿಸಿ ತೋರಿಸುವುದು ಬೇರೆ. 2008ರಲ್ಲಿ ಜ್ಯೂಪಿಟರ್ ಟ್ರಯಲ್ ಬಂತು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಅದಕ್ಕಿಂತ ಜಾಸ್ತಿ ಇದ್ದ 17,802 ಜನ. ಅರ್ಧ ಜನಕ್ಕೆ ರೋಸುವಾಸ್ಟಾಟಿನ್ ಅನ್ನುವ ಸ್ಟಾಟಿನ್ ಮಾತ್ರೆ, ಅರ್ಧ ಜನಕ್ಕೆ ಖಾಲಿ ಮಾತ್ರೆ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಇತ್ಯಾದಿ ಸೇರಿಸಿ ನೋಡಿದರೆ 44% ಇಳಿಕೆ. ಆದರೆ ಸ್ಟಾಟಿನ್ ಕೊಲೆಸ್ಟ್ರಾಲನ್ನೂ ಇಳಿಸುತ್ತದೆ, ಸಿಆರ್‌ಪಿಯನ್ನೂ ಇಳಿಸುತ್ತದೆ. ಯಾವುದರಿಂದ ಲಾಭ ಆಯಿತು ಅಂತ ಹೇಳುವುದು ಹೇಗೆ?

ಹಾಗಾಗಿ ಕ್ಯಾಂಟೋಸ್ ಟ್ರಯಲ್. ಮೊದಲೇ ಒಮ್ಮೆ ಅಟ್ಯಾಕ್ ಆದ 10,061 ಜನ, ಔಷಧ ಕೆನಕಿನುಮ್ಯಾಬ್. ಅದು ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುತ್ತದೆ, ಎಲ್‌ಡಿಎಲ್ ತಂಟೆಗೆ ಹೋಗುವುದಿಲ್ಲ. 2017ರಲ್ಲಿ ಫಲಿತಾಂಶ ಬಂತು. 150 ಮಿಲಿಗ್ರಾಂ ಡೋಸ್‌ನಲ್ಲಿ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಒಟ್ಟಾಗಿ 15% ಕಡಿಮೆ. ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತ ಇಳಿಸಿದರೂ ಲಾಭ ಇದೆ ಅಂತ ದೊಡ್ಡ ಮಟ್ಟದಲ್ಲಿ ಕಂಡಿದ್ದು ಆಗಲೇ. ಜೊತೆಗೇ ಸೋಂಕಿನಿಂದ ಸಾಯುವವರು ಜಾಸ್ತಿಯಾದರು, ಒಟ್ಟು ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಔಷಧಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ, ಹೃದಯಕ್ಕೆ ಅಂತ ಅನುಮತಿ ಕೊಡಲೇ ಇಲ್ಲ.

ನನಗೆ ರಿಡ್ಕರ್ ಮೇಲೆ ಗೌರವ ಹೆಚ್ಚಾಗಿದ್ದು ಸರ್ಟ್ ಟ್ರಯಲ್‌ನಿಂದ. ಉರಿಯೂತಕ್ಕೆ ಕೊಡುವ ಕಡಿಮೆ ಬೆಲೆಯ ಮೆಥೊಟ್ರೆಕ್ಸೇಟ್ ಅದೇ ಕೆಲಸ ಮಾಡುತ್ತಾ ಅಂತ ನೋಡಿದರು, ಸರ್ಕಾರಿ ದುಡ್ಡಿನಲ್ಲಿ. ಏನೂ ಉಪಯೋಗ ಆಗಲಿಲ್ಲ, ಸಿಆರ್‌ಪಿ ಕೂಡ ಇಳಿಯಲಿಲ್ಲ. ಅದನ್ನೂ ಮೊದಲಿನವು ಬಂದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲೇ ಪ್ರಕಟಿಸಿದರು. ವರ್ಷಗಟ್ಟಲೆ ದುಡಿದು "ಇಲ್ಲ" ಅನ್ನುವ ಉತ್ತರ ಬಂದರೂ ತಡೆದುಕೊಳ್ಳುತ್ತೀರಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮಿಕ್ಕಿದ್ದು ಆಮೇಲೆ.

ಮೆಡಿಕಲ್_ಶಾಪ್_ಚಿಕ್ಕಮಗಳೂರು:
ದುಡ್ಡಿನ ವಿಷಯ ಬಿಟ್ಟಿರಲ್ಲ ಸಾರ್. ಹೃದಯದ ಅಪಾಯ ಅಳೆಯಲು ಸಿಆರ್‌ಪಿ ಬಳಸುವ ಪೇಟೆಂಟ್ ರಿಡ್ಕರ್ ಅವರ ಆಸ್ಪತ್ರೆ ಹೆಸರಲ್ಲೇ ಇತ್ತು, ಅದರಲ್ಲಿ ಅವರ ಹೆಸರೂ ಇತ್ತು. ಜ್ಯೂಪಿಟರ್‌ಗೆ ದುಡ್ಡು ಹಾಕಿದ್ದು ಆ ಮಾತ್ರೆ ಮಾಡುವ ಆಸ್ಟ್ರಾಜೆನೆಕಾ. ಎರಡು ವರ್ಷ ತುಂಬುವ ಹೊತ್ತಿಗೇ ನಿಲ್ಲಿಸಿಬಿಟ್ಟರು, ಬೇಗ ನಿಲ್ಲಿಸಿದರೆ ಲಾಭ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಅಲ್ವಾ?

ಸಕಲೇಶಪುರ_ಲೋಕಲ್:
ಎಲ್ಲವೂ ನಿಜ. ಆ ಟೀಕೆ ಆಗಲೇ ಜೋರಾಗಿ ಬಂದಿತ್ತು. ಪೇಟೆಂಟ್ ಇರುವುದನ್ನು ಅವರು ಪೇಪರ್‌ಗಳಲ್ಲಿ ಹೇಳಿಕೊಂಡೇ ಬರೆದಿದ್ದಾರೆ. ಹೇಳಿಕೊಂಡ ಮಾತ್ರಕ್ಕೆ ಪ್ರಶ್ನೆ ಮುಗಿಯಲ್ಲ, ಒಪ್ಪುತ್ತೇನೆ.

ಮೂಡಿಗೆರೆ_ತೋಟ:
ನಾನು ಡಾಕ್ಟರಲ್ಲ, ಕಾಫಿ ಬೆಳೆಗಾರ, ಸ್ಟೆಂಟ್ ಹಾಕಿಸಿಕೊಂಡವನು. ಲ್ಯಾಬಿನವರು ಪ್ಯಾಕೇಜ್‌ನಲ್ಲಿ ಹೈ ಸೆನ್ಸಿಟಿವಿಟಿ ಸಿಆರ್‌ಪಿ ಅಂತ ಸೇರಿಸಿದ್ದರು, ರಿಪೋರ್ಟ್‌ನಲ್ಲಿ 14 ಬಂದಿದೆ. ಆವಾಗ ಮಳೆಗಾಲದ ಜ್ವರ ಬೇರೆ ಇತ್ತು. ಹೆದರಬೇಕಾ? ಇನ್ನೊಂದು, ಉರಿಯೂತಕ್ಕೆ ಕೊಡುವ ಕಾಲ್ಚಿಸಿನ್ ನಮ್ಮ ಬೇಲಿಯಲ್ಲಿ ಬಿಡುವ ಗೌರಿ ಹೂವಿನ ಗಡ್ಡೆಯಲ್ಲೇ ಇದೆಯಂತೆ, ಹೌದಾ?

ಚಿಕ್ಕಮಗಳೂರು_ಫಿಸಿಶಿಯನ್:
ಮೊದಲು ಗೌರಿ ಹೂವಿನ ವಿಷಯ. ಅದರಲ್ಲಿ ಕಾಲ್ಚಿಸಿನ್ ಇರುವುದು ನಿಜ, ಅದಕ್ಕೇ ಆ ಗಡ್ಡೆ ವಿಷ. ತಿಂದವರು ಸತ್ತಿದ್ದಾರೆ. ಔಷಧದ ಡೋಸ್‌ಗೂ ವಿಷದ ಡೋಸ್‌ಗೂ ಅಂತರ ಬಹಳ ಕಡಿಮೆ. ಕಷಾಯ ಗಿಷಾಯ ಅಂತ ಹೋಗಬೇಡಿ ದಯವಿಟ್ಟು.

ಮಾತ್ರೆಯ ಕಥೆ ಬೇರೆ. ದಿನಕ್ಕೆ 0.5 ಮಿಲಿಗ್ರಾಂ ಕಾಲ್ಚಿಸಿನ್‌ನಿಂದ 2019ರ ಕೋಲ್ಕಾಟ್ ಮತ್ತು 2020ರ ಲೊಡೊಕೊ2 ಟ್ರಯಲ್‌ಗಳಲ್ಲಿ ಲಾಭ ಕಂಡಿತು, 2023ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. 2024ರಲ್ಲಿ ಬಂದ ಇನ್ನೂ ದೊಡ್ಡ ಟ್ರಯಲ್‌ನಲ್ಲಿ, ಅಟ್ಯಾಕ್ ಆದ ಕೂಡಲೇ ಶುರು ಮಾಡಿದರೂ ಲಾಭ ಕಾಣಲಿಲ್ಲ. ನಿಮಗೆ ಬೇಕಾ ಬೇಡವಾ ಅನ್ನುವುದು ಕಿಡ್ನಿ, ಲಿವರ್, ಬೇರೆ ಮಾತ್ರೆಗಳನ್ನೆಲ್ಲ ನೋಡಿ ನಿಮ್ಮ ಡಾಕ್ಟರ್ ಹೇಳಬೇಕು.

ನಿಮ್ಮ 14ರ ಬಗ್ಗೆ: ಜ್ವರ ಇದ್ದಾಗ ಸಿಆರ್‌ಪಿ ಏರುವುದು ಸಹಜ. 10 ದಾಟಿದ್ದನ್ನು ಹೃದಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೂರ್ತಿ ವಾಸಿಯಾಗಿ ಎರಡು ವಾರವಾದರೂ ಕಳೆದ ಮೇಲೆ ಮತ್ತೆ ಮಾಡಿಸಿ. ಸಾಮಾನ್ಯವಾಗಿ 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3ಕ್ಕಿಂತ ಮೇಲಿದ್ದರೆ ಜಾಸ್ತಿ. ಮತ್ತೆ, ಸಿಆರ್‌ಪಿ ತಾನೇ ರಕ್ತನಾಳ ಕೆಡಿಸುವುದಿಲ್ಲ. ಹುಟ್ಟಿನಿಂದಲೇ ಜೀನ್ ಕಾರಣಕ್ಕೆ ಸಿಆರ್‌ಪಿ ಜಾಸ್ತಿ ಇರುವವರಿಗೆ ಹೃದ್ರೋಗ ಜಾಸ್ತಿ ಇಲ್ಲ ಅಂತ 2011ರಲ್ಲೇ ಗೊತ್ತಾಗಿದೆ. ಅದು ಒಳಗೆ ಏನೋ ನಡೆಯುತ್ತಿದೆ ಅಂತ ಸುದ್ದಿ ಕೊಡುತ್ತದೆ, ಅಷ್ಟೇ.

ಪ್ರಶ್ನೆ ಕೇಳಿದ ಹುಡುಗಿಗೆ ಒಂದು ಮಾತು. ಕೊಲೆಸ್ಟ್ರಾಲ್ ನಾರ್ಮಲ್ ಅಂದವರಿಗೆ ಬೀಡಿ, ಬಿಪಿ, ಶುಗರ್ ಕೇಳಿ ನೋಡಿ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಇಂಥ ಒಂಬತ್ತು ಮಾಮೂಲಿ ಕಾರಣಗಳೇ ಸುಮಾರು 90% ಅಟ್ಯಾಕ್‌ಗಳಿಗೆ ಲೆಕ್ಕ ಕೊಟ್ಟವು. ಉರಿಯೂತದ ಹಿಂದೆ ಹೋಗಿ, ಆದರೆ ಇವನ್ನು ದಾಟಿಕೊಂಡು ಹೋಗಬೇಡಿ.

ಹೇಮಾವತಿ_ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಈಗ ನೇರವಾಗಿ ಕೇಳುತ್ತೇನೆ, ಎಲ್ಲಿಂದ ಶುರು ಮಾಡಲಿ? ಬೋಸ್ಟನ್ ನನ್ನ ಕೈಗೆ ಎಟುಕುವುದಲ್ಲ.

ಸಕಲೇಶಪುರ_ಲೋಕಲ್:
ಬೋಸ್ಟನ್ ಬೇಡ, ಮೈಸೂರಿನಿಂದ ಶುರು ಮಾಡಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಜಾಸ್ತಿ ಕಂಡಿತು. 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ರಿಡ್ಕರ್‌ಗೆ ಫ್ರೀಜರ್ ಇತ್ತು, ಇಲ್ಲಿ ರಿಜಿಸ್ಟರ್ ಪುಸ್ತಕ ಇತ್ತು. 2025ರ ಗದ್ದಲದಲ್ಲಿ ಹಾಸನಕ್ಕೆ ಇಲ್ಲದಿದ್ದದ್ದು ಅದೇ. ಊರಲ್ಲಿ ಮನೆಯಲ್ಲೇ ಸತ್ತರೆ ಪೋಸ್ಟ್‌ಮಾರ್ಟಂ ಮಾಡಿಸುವವರು ಎಷ್ಟು ಜನ? ಹಿಂದಿನ ವರ್ಷಗಳ ಸರಿಯಾದ ಲೆಕ್ಕ ಕೈಯಲ್ಲಿದ್ದಿದ್ದರೆ ಜಾಸ್ತಿಯೋ ಇಲ್ಲವೋ ಅಂತ ಮೊದಲ ವಾರವೇ ಹೇಳಬಹುದಿತ್ತು.

ದಾರಿ ಕೇಳಿದಿರಿ. ಎಂಡಿ ಜನರಲ್ ಮೆಡಿಸಿನ್ ಅಥವಾ ಕಮ್ಯುನಿಟಿ ಮೆಡಿಸಿನ್ ಮಾಡಿ. ಆಮೇಲೆ ಎಂಪಿಎಚ್‌ಗೆ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇದೆ, ಚೆನ್ನೈನಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ (ಎನ್‌ಐಇ) ಇದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಹೃದ್ರೋಗದ ದೊಡ್ಡ ಅಧ್ಯಯನಗಳ ಕೆಲಸ ನಡೆದಿದೆ. ಮುಂದೆ ಸಂಶೋಧನೆಗೆ ದುಡ್ಡು ಕೊಡುವ ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಸಂಬಳ ಸ್ಟೆಂಟ್ ಹಾಕುವವರಷ್ಟು ಬರಲ್ಲ, ಅದನ್ನು ಮನೆಯಲ್ಲಿ ಈಗಲೇ ಹೇಳಿಬಿಡಿ. ಡಿಎಂ ಕಾರ್ಡಿಯಾಲಜಿ ಮಾಡಿಕೊಂಡೂ ಸಂಶೋಧನೆಗೆ ಬರಬಹುದು, ರಿಡ್ಕರ್ ಕೂಡ ಹೃದ್ರೋಗ ತಜ್ಞರೇ, ಜೊತೆಗೆ ಎಂಪಿಎಚ್ ಮಾಡಿದವರು.

ಹೌಸ್ ಸರ್ಜನ್‌ಶಿಪ್ ಮುಗಿಯುವುದರೊಳಗೆ ಸ್ಟ್ಯಾಟಿಸ್ಟಿಕ್ಸ್ ಕಲಿಯಲು ಶುರು ಮಾಡಿ, ಆರ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ನಿಮ್ಮ ಆಸ್ಪತ್ರೆಗೆ ಎದೆನೋವು ಅಂತ ಬಂದವರ ವಯಸ್ಸು, ಬೀಡಿ, ಶುಗರ್, ಇಸಿಜಿ, ಬಂದು ಸೇರಲು ಹಿಡಿದ ಸಮಯ ಇಷ್ಟನ್ನು ಒಂದು ವರ್ಷ ಬರೆದಿಡಲು ಎಥಿಕ್ಸ್ ಕಮಿಟಿಗೆ ಅರ್ಜಿ ಕೊಡಿ. ಡ್ರಾಫ್ಟ್ ಇಲ್ಲಿ ಹಾಕಿದರೆ ನೋಡಿ ತಿದ್ದಿಕೊಡುತ್ತೇನೆ.