ಕಣ್ಣಿನ ಡ್ರಾಪ್ಸ್‌ನಿಂದ ಪಲ್ಸ್ ಕಡಿಮಿ ಆಗತೈತೇನ್ರಿ?

ಪ್ರಶ್ನೆ (ಬಾಗಲಕೋಟಿ):
ನಮ್ಮ ಅಪ್ಪಾಗ 68 ವರ್ಷ, ಗ್ಲಾಕೋಮಾ (ಕಣ್ಣಿನ ಪ್ರೆಶರ್ ಏರಿ ದೃಷ್ಟಿ ಹೋಗೂ ರೋಗ) ಐತಿ ಅಂತ ಎರಡು ತಿಂಗಳಿಂದ ಟಿಮೊಲಾಲ್ ಡ್ರಾಪ್ಸ್ ಹಾಕಾಕತ್ತೇವ್ರಿ. ಈಗ ನಾಲ್ಕ ಹೆಜ್ಜಿ ನಡದ್ರ ಸುಸ್ತು, ಎದ್ದು ನಿಂತ್ರ ತಲಿ ಗಿರ್ ಅಂತೈತಂತ, ಬಿಪಿ ಮಷಿನ್ನಿನಾಗ ಪಲ್ಸ್ 48 ಬಂತು. ಕಣ್ಣಿಗೆ ಹಾಕಿದ ಒಂದ್ ಹನಿ ಎದಿತನಕ ಹೋಗತೈತೇನ್ರಿ? ಭಾಳ ಚಿಂತಿ ಆಗೇತಿ.

ಉತ್ತರ 1:
ಹೋಗತೈತ್ರಿ. ಡ್ರಾಪ್ಸ್ ಹಾಕಿದ ಮ್ಯಾಲೆ ಗಂಟಲದಾಗ ಕಹಿ ಹತ್ತತೈತಲ್ಲ, ಅದ ಗುರುತು. ಕಣ್ಣಿನ ಮೂಲ್ಯಾಗಿನ ಸಣ್ಣ ನಾಳದಿಂದ ಔಷಧ ಮೂಗಿಗೆ ಇಳದು ಅಲ್ಲಿಂದ ಸೀದಾ ರಕ್ತಕ್ಕ ಸೇರತೈತಿ, ಗುಳಗಿ ಹಂಗ ಮೊದಲ ಲಿವರ್ ದಾಟಿ ಜೋರ ಕಡಿಮಿ ಆಗಿ ಬರೂದಿಲ್ಲ. ಟಿಮೊಲಾಲ್ ಅಂದ್ರ ಬೀಟಾ ಬ್ಲಾಕರ್, ಎದಿ ಬಡತ ನಿಧಾನ ಮಾಡತೈತಿ, ಅಸ್ತಮಾ ಇದ್ದವರಿಗಂತೂ ಉಸಿರ ಹಿಡಿಯೂ ಹಂಗ ಆಗಬಹುದು. ಬಿಪಿಗೆ ಬ್ಯಾರೆ ಗುಳಗಿ ಏನರ ಐತೇನ್ರಿ?

ಪ್ರಶ್ನೆ ಕೇಳಿದವರು:
ಅಟೆನೊಲಾಲ್ ತಗೋತಾರ್ರಿ, ಕಣ್ಣಿನ ಡಾಕ್ಟ್ರಿಗೆ ಹೇಳೇ ಇಲ್ಲ.

ಉತ್ತರ 1:
ಅದೂ ಬೀಟಾ ಬ್ಲಾಕರ್ರ ರೀ! ಎರಡೂ ಕೂಡಿದ್ರ ಪಲ್ಸ್ ಇನ್ನೂ ಇಳೀತೈತಿ. ನಾಳೆ ಅನಬ್ಯಾಡ್ರಿ, ಇವತ್ತ ಹೋಗಿ ಇಸಿಜಿ ಮಾಡಸ್ರಿ, ಡ್ರಾಪ್ಸ್ ಬಾಟ್ಲಿ, ಗುಳಗಿ ಚೀಟಿ ಎರಡೂ ಒಯ್ರಿ. ನಿಮ್ಮಷ್ಟಕ್ಕ ನೀವ ಯಾವದೂ ಬಂದ್ ಮಾಡಬ್ಯಾಡ್ರಿ, ಕಣ್ಣಿನ ಪ್ರೆಶರ್ ಏರಿದ್ರ ಹೋದ ದೃಷ್ಟಿ ವಾಪಸ್ ಬರೂದಿಲ್ಲ.

ಉತ್ತರ 2 (ವಿಜಯಪುರ):
ನಮ್ಮ ಅವ್ವಗ ಇದ ಡ್ರಾಪ್ಸ್‌ನಿಂದ ದಮ್ಮು ಜಾಸ್ತಿ ಆಗಿತ್ರಿ, ಡಾಕ್ಟರ್ ಬ್ಯಾರೆ ಔಷಧ ಬರದ ಮ್ಯಾಲೆ ಆರಾಮ ಆದ್ಲು. ಯಾವ ಡ್ರಾಪ್ಸ್ ಇದ್ರೂ ಒಂದ ಹನಿ ಸಾಕ್ರಿ, ಹಾಕಿ ಕಣ್ಣ ಮುಚ್ಚಿ ಮೂಗಿನ ಕಡೆ ಮೂಲಿನ್ನ ಬೆರಳಿಲೆ ಎರಡ ಮೂರ ನಿಮಿಷ ಮೆತ್ತಗ ಒತ್ತಿ ಹಿಡೀಬೇಕು, ಔಷಧ ಮೂಗಿಗೆ ಇಳಿಯೂದು ಭಾಳ ಕಡಿಮಿ ಆಗತೈತಿ.

ಪ್ರಶ್ನೆ ಕೇಳಿದವರು:
ಈಗ ಹೊಂಟೇವ್ರಿ, ಗಾಡಿ ತಗದೇನಿ.