ಸಿಗ್ನಲ್ ಕಡ್ಡಿ ತುಂಬಿದ್ದರೂ ಮಾತು ತುಂಡಾಗುವುದೇಕೆ?

ಪ್ರಶ್ನೆ (ಸೋಮವಾರಪೇಟೆ ಕಡೆಯ ಬೆಳೆಗಾರರು): ನಮಸ್ಕಾರ ಸರ್. ಜಗಲಿಯಲ್ಲಿ ಫೋನಿನ ಸಿಗ್ನಲ್ ಕಡ್ಡಿಗಳು ತುಂಬಿಯೇ ಇರುತ್ತವೆ. ಆದರೂ ಮಾತು ತುಂಡಾಗುತ್ತದೆ, ತುಸು ಪಕ್ಕಕ್ಕೆ ಸರಿದರೆ ಸರಿಹೋಗುತ್ತದೆ. ಮನೆಯ 4ಜಿ ರೂಟರ್‌ನದ್ದೂ ಅದೇ ಕಥೆ. ಟವರ್ ಇರುವುದು ಕಣದ ಆಚೆಯ ದಿಬ್ಬದ ಮೇಲೆ, ಮನೆಯ ಹಿಂದೆ ಬಂಡೆಯ ಬೆಟ್ಟ. ಬೂಸ್ಟರ್ ಹಾಕಿಸಬಹುದೇ?

ಉತ್ತರ (ರೇಡಿಯೊ ಎಂಜಿನಿಯರ್): ಬೇಡ. ಪರವಾನಗಿಯಿಲ್ಲದೆ ಅದನ್ನು ಅಳವಡಿಸುವುದು ಕಾನೂನಿಗೆ ವಿರುದ್ಧ. ಅಲ್ಲದೆ ನಿಮ್ಮಲ್ಲಿ ಕೊರತೆಯಿರುವುದು ಬಲದ್ದಲ್ಲ. ಟವರ್‌ನಿಂದ ನೇರವಾಗಿ ಬಂದ ಅಲೆಯ ಜೊತೆಗೆ ಬಂಡೆಗೆ, ತಗಡಿನ ಸೂರಿಗೆ ಬಡಿದು ತಡವಾಗಿ ಬಂದ ಪ್ರತಿಗಳೂ ನಿಮ್ಮ ಆಂಟೆನಾವನ್ನು ಸೇರುತ್ತವೆ. ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದ ಕಡೆ ಎರಡೂ ಅಳಿಸಿಹೋಗುತ್ತವೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂ.ಮೀ. ಆದ್ದರಿಂದ ಸಿಗ್ನಲ್ ಚೆನ್ನಾಗಿರುವ ಜಾಗಕ್ಕೂ ಸತ್ತ ಜಾಗಕ್ಕೂ ಕೆಲವೊಮ್ಮೆ ನಾಲ್ಕು ಬೆರಳಿನಷ್ಟೇ ಅಂತರ. ಕಡ್ಡಿಗಳು ತೋರಿಸುವುದು ಸರಾಸರಿ ಬಲವನ್ನು. ಈ ಸತ್ತ ಜಾಗಗಳು, ಅಂದರೆ ಕುಳಿಗಳು, ಅದರಲ್ಲಿ ಕಾಣುವುದಿಲ್ಲ. ಬೂಸ್ಟರ್ ಆದರೋ ಜಗಳವಾಡುವ ಎಲ್ಲ ಪ್ರತಿಗಳನ್ನೂ ಒಂದೇ ಸಮ ಜೋರು ಮಾಡುತ್ತದೆ, ಅಷ್ಟೇ.

ನಿಜವಾದ ಮದ್ದು ರಿಸೀವರ್‌ಗೆ ಎರಡು ಕಿವಿ ಕೊಡುವುದು. ಒಂದು ಆಂಟೆನಾ ಕುಳಿಯಲ್ಲಿದ್ದಾಗ ಇನ್ನೊಂದೂ ಕುಳಿಯಲ್ಲೇ ಇರುವ ಸಂಭವ ಕಡಿಮೆ. ರಿಸೀವರ್ ಎರಡನ್ನೂ ತಾಳಕ್ಕೆ ಹೊಂದಿಸಿ, ಚೆನ್ನಾಗಿ ಕೇಳಿಸುವುದಕ್ಕೆ ಹೆಚ್ಚು ತೂಕ ಕೊಟ್ಟು ಕೂಡಿಸುತ್ತದೆ. ನಿಮ್ಮ ರೂಟರ್‌ನ ಹಿಂಬದಿಯನ್ನು ನೋಡಿ: ಹೊರಗಿನ ಆಂಟೆನಾಕ್ಕೆ ಎರಡು ಸಾಕೆಟ್ ಇದ್ದರೆ ಎರಡಕ್ಕೂ ಆಂಟೆನಾ ಹಾಕಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ. ಒಂದೇ ಕೇಬಲ್ ಸಿಕ್ಕಿಸಿ ಕೈತೊಳೆದುಕೊಂಡ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ತಡವಾಗಿ ಬರುವ ಪ್ರತಿಯನ್ನು ದುಡಿಸಿಕೊಳ್ಳುವ ಜಾಣ್ಮೆಯೂ ಉಂಟು. 1958ರಲ್ಲಿ ಎಂಜಿನಿಯರುಗಳಾದ ಪ್ರೈಸ್ ಮತ್ತು ಗ್ರೀನ್ ವಿವರಿಸಿದ, ಮುಂದೆ 3ಜಿ ಫೋನುಗಳಲ್ಲಿ ಬಳಕೆಯಾದ 'ರೇಕ್' ರಿಸೀವರ್‌ಗೆ, ಕಣದಲ್ಲಿ ಕಾಫಿ ಕೆದಕುವಂಥ ಹಲ್ಲಿನ ಸಲಕರಣೆಯ ಹೆಸರೇ ಬಂದಿದೆ. ಒಂದೊಂದು ಹಲ್ಲು ಒಂದೊಂದು ಪ್ರತಿಯನ್ನು ಹಿಡಿದು ತರುತ್ತದೆ. 4ಜಿಯಲ್ಲಿ ದಾರಿ ಬೇರೆ: ಕಳುಹಿಸುವ ಒಂದೊಂದು ಸಂಕೇತದ (ದತ್ತಾಂಶದ ತುಣುಕಿನ) ಮುಂದೆ ಸಾಮಾನ್ಯವಾಗಿ ಸುಮಾರು 4.7 ಮೈಕ್ರೋಸೆಕೆಂಡಿನ ಬಿಡುವು ಇರುತ್ತದೆ, ಅಂದರೆ ನೇರ ಅಲೆಗಿಂತ 1.4 ಕಿ.ಮೀ.ವರೆಗೆ ಹೆಚ್ಚು ಸುತ್ತಿ ಬಂದ ಪ್ರತಿ ಮುಂದಿನ ಸಂಕೇತವನ್ನು ಕೆಡಿಸದು. ನಮ್ಮ ಬೆಟ್ಟಗಳ ಪ್ರತಿಧ್ವನಿ ಆ ಗಡಿಯನ್ನು ದಾಟಬಲ್ಲದು. ಆದ್ದರಿಂದ ದಿಕ್ಕು ಹಿಡಿಯುವ ಆಂಟೆನಾಗಳನ್ನೇ ಆರಿಸಿ, ಮುಖವನ್ನು ಟವರ್‌ಗೂ ಬೆನ್ನನ್ನು ಬಂಡೆಗೂ ಮಾಡಿ ನಿಲ್ಲಿಸಿ.

ಮರುಪ್ರಶ್ನೆ (ಭಾಗಮಂಡಲದಿಂದ): ಓಡುವ ಜೀಪಿನಲ್ಲಿ ಏನಾಗುತ್ತದೆ ಸರ್?

ಉತ್ತರ: 1800 ಮೆಗಾಹರ್ಟ್ಸ್‌ನಲ್ಲಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ, ನೀವು ಸೆಕೆಂಡಿಗೆ ಸುಮಾರು 200 ಅರ್ಧ ಅಲೆಯುದ್ದಗಳನ್ನು ದಾಟುತ್ತೀರಿ. ಕುಳಿಗಳು ಬೇಗ ಬೇಗ ಬಂದು ಹೋಗುವುದರಿಂದ, ದತ್ತಾಂಶವನ್ನು ಚದುರಿಸಿ ಕಳುಹಿಸಿದ್ದರೆ, ದೋಷ ತಿದ್ದುವ ಕೋಡ್‌ಗಳು ಕಳೆದ ತುಣುಕುಗಳನ್ನು ತುಂಬಿಕೊಡುತ್ತವೆ. ಹೀಗಾಗಿ ಕುಳಿಯಲ್ಲೇ ನಿಂತ ಜೀಪಿಗಿಂತ ಮೆಲ್ಲನೆ ಚಲಿಸುವ ಜೀಪಿನಲ್ಲಿ ಮಾತು ಚೆನ್ನಾಗಿ ಕೇಳುವುದುಂಟು.